ಗಡಿಯಾರ ತಪ್ಪಿದರೆ ಗುರಿಯೂ ತಪ್ಪೀತು

ಹೊಳೆನರಸೀಪುರದಿಂದ ಹಾಸನಕ್ಕೆ ಬಂದು ಸಾಲಗಾಮೆ ರಸ್ತೆ ಹಿಡಿದರೆ ಆಕಾಶಕ್ಕೆ ಮುಖಮಾಡಿದ ಬೃಹತ್ ಆಂಟೆನಾಗಳ ಆವರಣವೊಂದಿದೆ. ಅದು ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ, ಊರಿನವರ ಬಾಯಲ್ಲಿ ಎಂಸಿಎಫ್. 1982ರಲ್ಲಿ ಇನ್ಸಾಟ್-1ಎ ಹಾರಿದಾಗ ಶುರುವಾದದ್ದು. ಉಪಗ್ರಹಗಳ ಆರೋಗ್ಯ ನೋಡಿಕೊಳ್ಳುವುದು, ಜಾಗ ಬಿಟ್ಟು ಸರಿದರೆ ಆಜ್ಞೆ ಕಳಿಸಿ ಮತ್ತೆ ಜಾಗಕ್ಕೆ ತರುವುದು ಇಲ್ಲಿನ ಹಗಲು-ರಾತ್ರಿಯ ಕೆಲಸ. ಇದು ಆಯುಧದ ಕಾರ್ಖಾನೆಯಲ್ಲ. ಆದರೂ ಗುರಿ ಹುಡುಕಿ ಹೋಗುವ ಕ್ಷಿಪಣಿಯ ಎಲೆಕ್ಟ್ರಾನಿಕ್ಸ್ ಅರ್ಥವಾಗಬೇಕಾದರೆ ಇಲ್ಲಿಂದಲೇ ಹೊರಡಬೇಕು. ಆ ವಿದ್ಯೆಯ ಜೀವ ಇರುವುದು ಸಿಡಿತಲೆಯಲ್ಲಲ್ಲ, ಗಡಿಯಾರದಲ್ಲಿ.

ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಡಿಇ ರೂಪಿಸಿದ ನಿರ್ಭಯ್‌ನಂಥ ಕ್ಷಿಪಣಿ ತನ್ನ ವೇಗದ ಏರಿಳಿತವನ್ನು ತಾನೇ ಅಳೆದು, ಹೊರಟಲ್ಲಿಂದ ಎಷ್ಟು ದೂರ ಬಂದೆ ಎಂದು ಲೆಕ್ಕ ಹಾಕುತ್ತದೆ. ಹೊತ್ತು ಕಳೆದಂತೆ ಈ ಲೆಕ್ಕದ ತಪ್ಪು ಬೆಳೆಯುತ್ತದೆ. ತಿದ್ದಲು ಉಪಗ್ರಹದ ಸಂಕೇತ ಬೇಕು. ಸಂಕೇತ ತಲುಪಲು ಹಿಡಿದ ಸಮಯವೇ ದೂರದ ಅಳತೆ. ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪಿದಂತೆ.

ಸಮಯ ತಪ್ಪುವುದರ ಬೆಲೆ ಜಗತ್ತಿಗೆ ಗೊತ್ತಾದದ್ದು ಕೊಲ್ಲಿ ಯುದ್ಧದಲ್ಲಿ. ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಕಾವಲಿಗಿದ್ದ, ಶತ್ರು ಕ್ಷಿಪಣಿಗಳನ್ನು ತಡೆಯುವ ಪೇಟ್ರಿಯಟ್ ವ್ಯವಸ್ಥೆಯ ಕಂಪ್ಯೂಟರ್ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ನಮಗೆ ಸರಳ ಸಂಖ್ಯೆ. ಸೊನ್ನೆ-ಒಂದರ ಬೈನರಿಯಲ್ಲಿ ಬರೆಯಹೊರಟರೆ ಮುಗಿಯುವುದೇ ಇಲ್ಲ. ಕಂಪ್ಯೂಟರಿನಲ್ಲಿ ಇದ್ದದ್ದು 24 ಬಿಟ್‌ಗಳ ಜಾಗ. ಉಳಿದ ಬಾಲವನ್ನು ಕತ್ತರಿಸಿತ್ತು. ಒಂದೊಂದು ಎಣಿಕೆಗೂ ಕೂದಲೆಳೆಯಷ್ಟು ನಷ್ಟ. ಆದರೆ ಯಂತ್ರ ನೂರು ಗಂಟೆ ನಿಲ್ಲದೆ ಓಡಿತ್ತು. ನಷ್ಟ ಸುಮಾರು 0.34 ಸೆಕೆಂಡಿಗೆ ಮುಟ್ಟಿತ್ತು. ಅಷ್ಟರಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೊಮೀಟರಿಗೂ ಹೆಚ್ಚು ಸಾಗಿರುತ್ತದೆ. ರೇಡಾರ್ ಅದನ್ನು ಇಲ್ಲದ ಕಡೆ ಹುಡುಕಿತು. 1991ರ ಫೆಬ್ರವರಿ 25ರಂದು 28 ಅಮೆರಿಕನ್ ಸೈನಿಕರು ಸತ್ತರು. ತಿದ್ದಿದ ತಂತ್ರಾಂಶ ದಹ್ರಾನ್ ತಲುಪಿದ್ದು ಮರುದಿನ. ಈ ಪ್ರಕರಣವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷವೇ ಓದಿಸಬೇಕು.

ಇಂಥ ಕೆಲಸಕ್ಕೆ ಪ್ರೋಗ್ರಾಂ ಬರೆಯುವ ಭಾಷೆಯೂ ಬಿಗಿಯಾಗಿರಬೇಕು. ಬಗೆಬಗೆಯ ಭಾಷೆಗಳ ಗೊಂದಲದಿಂದ ಬೇಸತ್ತ ಅಮೆರಿಕದ ರಕ್ಷಣಾ ಇಲಾಖೆ ಅಡಾ ಎಂಬ ಭಾಷೆ ಮಾಡಿಸಿತು. ಹೆಸರು ಗಣಿತಜ್ಞೆ ಅಡಾ ಲವ್‌ಲೇಸ್‌ರದು. ಮಾನದಂಡಕ್ಕೆ ಕೊಟ್ಟ ಸಂಖ್ಯೆ 1815, ಆಕೆ ಹುಟ್ಟಿದ ವರ್ಷ. ಅಡಾದಲ್ಲಿ ಎತ್ತರವೆಂದರೆ ಎಷ್ಟರಿಂದ ಎಷ್ಟರವರೆಗೆ, ಸೂಕ್ಷ್ಮತೆ ಎಷ್ಟು ಎಂದು ಮೊದಲೇ ಬರೆದಿಡಬಹುದು. ಎತ್ತರದ ಜಾಗದಲ್ಲಿ ವೇಗವನ್ನು ತುಂಬಹೋದರೆ ಪ್ರೋಗ್ರಾಂ ಸಿದ್ಧವಾಗುವ ಹಂತದಲ್ಲೇ ತಡೆ ಬೀಳುತ್ತದೆ. ಬರೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ನಿಜ. ಹಾರಿದ ಮೇಲೆ ತಿದ್ದಲಾಗದ ವಸ್ತುವಿಗೆ ಆ ನಿಧಾನವೇ ಸರಿ.

ಮತ್ತೆ ಹಾಸನಕ್ಕೆ. 2013ರ ಜುಲೈ 1ರಂದು ನಮ್ಮದೇ ಪಥದರ್ಶಕ ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹಾರಿದಾಗ, ಕಕ್ಷೆಯಲ್ಲಿ ಅದರ ಲಗಾಮು ಹಿಡಿದದ್ದು ಎಂಸಿಎಫ್. ಸಮಯದ ಲೆಕ್ಕ ನೋಡುವುದು ಬೆಂಗಳೂರು ಬಳಿಯ ಬ್ಯಾಲಾಳು ಕೇಂದ್ರ. ನಾವಿಕ್ ಎಂದು ಹೆಸರಾದ ಈ ವ್ಯವಸ್ಥೆಯಲ್ಲಿ ಸಾರ್ವಜನಿಕ ಸೇವೆಯ ಜೊತೆಗೆ, ಸೇನೆಯಂಥ ಅಧಿಕೃತ ಬಳಕೆದಾರರಿಗೆ ಮಾತ್ರ ತೆರೆಯುವ ಗೂಢಲಿಪಿಯ ಸೇವೆಯೂ ಇದೆ. ಆದರೆ 1ಎ ಹೊತ್ತಿದ್ದ ಮೂರೂ ರುಬಿಡಿಯಂ ಪರಮಾಣು ಗಡಿಯಾರಗಳು ಕೆಟ್ಟವು. ಅವು ಹೊರದೇಶದಿಂದ ತಂದವು. 2023ರ ಮೇ 29ರಂದು ಹಾರಿದ ನಾವಿಕ್‌ನ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ಅಹಮದಾಬಾದಿನಲ್ಲಿ ರೂಪುಗೊಂಡ ನಮ್ಮದೇ ಗಡಿಯಾರವಿತ್ತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಮಾತ್ರ ಉದ್ದೇಶಿತ ಕಕ್ಷೆ ಮುಟ್ಟಲಿಲ್ಲ. ಸ್ಥಾನ ತಿಳಿಯಲು ಒಮ್ಮೆಗೆ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಆದ್ದರಿಂದ ಹೊಸ ಕ್ಷಿಪಣಿಯ ಪರೀಕ್ಷೆಗೆ ಸಿಗುವ ದೊಡ್ಡ ಸುದ್ದಿಗಿಂತ, ಕೆಟ್ಟ ಗಡಿಯಾರಗಳ ಜಾಗಕ್ಕೆ ಹೊಸವು ಬೇಗ ಏರುವುದು ಇಂದು ಹೆಚ್ಚು ತುರ್ತಿನ ಕೆಲಸ.