ಗಾಳಿದೋಣಿಯ ಬೆನ್ನಿಗೊಂದು ಮೋಟರು

ಗಾಜನೂರಿನ ತುಂಗಾ ಅಣೆಕಟ್ಟೆಯ ಹೊಟ್ಟೆ ಚಿಕ್ಕದು. ಅದು ಹಿಡಿಯುವುದೇ 3.24 ಟಿಎಂಸಿ ನೀರು. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಪುನರ್ವಸು ಮಳೆ ಬಿಡದೆ ಹಿಡಿದರೆ ಬಂದ ನೀರನ್ನು ಬಂದ ಹಾಗೇ ಹೊಳೆಗೆ ಬಿಡಬೇಕು. ಲಕ್ಕವಳ್ಳಿಯ ಭದ್ರಾ ಜಲಾಶಯದ್ದು 71.5 ಟಿಎಂಸಿ ಸಾಮರ್ಥ್ಯ. ಅದು ಇನ್ನೂ ತುಂಬುತ್ತಿರುವಾಗಲೇ ತುಂಗೆಯ ಕೆಂಪು ನೀರು ಕೂಡಲಿ ದಾಟಿ, ಹೊನ್ನಾಳಿ ದಾಟಿ, ಹರಿಹರದ ಬಾಗಿಲಿಗೆ ಬಂದಿರುತ್ತದೆ. ಮುಂದಿನ ಕಥೆ ಈ ಭಾಗದವರಿಗೆ ಬಾಯಿಪಾಠ. ಹೊನ್ನಾಳಿಯ ಬಾಲರಾಜ್ ಘಾಟ್‌ನಲ್ಲಿ, ಹರಿಹರದ ಗಂಗಾನಗರದಲ್ಲಿ ಮನೆಗಳಿಗೆ ನೀರು. ಉಕ್ಕಡಗಾತ್ರಿ–ಫತ್ತೇಪುರ ರಸ್ತೆ ಮುಳುಗಡೆ. ಕಾಳಜಿ ಕೇಂದ್ರ, ಅಧಿಕಾರಿಗಳ ಭೇಟಿ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿತ್ತು, 2024ರ ಜುಲೈ ಕೊನೆಯಲ್ಲಿ ಮತ್ತೆ ಉಕ್ಕಿತು.

ಹೊಳೆ ಉಕ್ಕಿದಾಗ ದಡಕ್ಕೆ ಬರುವ ರಬ್ಬರ್ ದೋಣಿಯನ್ನು ಎಲ್ಲರೂ ನೋಡಿರುತ್ತಾರೆ. ಅದರ ಹಿಂದೆ ನೇತುಬಿದ್ದ ಮೋಟರನ್ನೂ ನೋಡಿರುತ್ತಾರೆ. ಇವೆರಡರ ನಡುವೆ ಒಂದು ಹಲಗೆ ಇರುತ್ತದೆ. ಕೆಲಸ ಕೆಡುವುದಾದರೆ ಬಹಳ ಸಲ ಅಲ್ಲೇ ಕೆಡುತ್ತದೆ.

ಅಗ್ನಿಶಾಮಕ ದಳದವರ ಬಾಯಲ್ಲಿ ಈ ಮೋಟರು ‘ಓಬಿಎಂ’, ಅಂದರೆ ಔಟ್‌ಬೋರ್ಡ್ ಮೋಟರ್. ಎಂಜಿನ್ನು, ಕೆಳಗಿಳಿಯುವ ಶಾಫ್ಟು, ತುದಿಯಲ್ಲಿ ಫ್ಯಾನು, ತಿರುಗಿಸಲು ಹಿಡಿ ಎಲ್ಲವೂ ಒಂದೇ ಘಟಕ. ಪ್ರತ್ಯೇಕ ಚುಕ್ಕಾಣಿ ಬೇಕಿಲ್ಲ. ಇಡೀ ಎಂಜಿನ್ನೇ ಎಡಕ್ಕೆ ಬಲಕ್ಕೆ ತಿರುಗುತ್ತದೆ. 25 ಅಶ್ವಶಕ್ತಿಯ ಒಂದು ಮೋಟರು ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದಷ್ಟು ತೂಗುತ್ತದೆ. ಅಷ್ಟು ಭಾರವನ್ನು ಗಾಳಿ ತುಂಬಿದ ಬಟ್ಟೆಗೆ ಕಟ್ಟಲಾಗದು. ಅದಕ್ಕೇ ಎರಡು ಗಾಳಿಕೊಳವೆಗಳ ನಡುವೆ, ಹಿಂಭಾಗದಲ್ಲಿ, ದಪ್ಪ ಪ್ಲೈವುಡ್ ಹಲಗೆಯೊಂದನ್ನು ಅಂಟಿಸಿರುತ್ತಾರೆ. ಮೋಟರಿನ ಭಾರ, ಅದು ಮುಂದೆ ನೂಕುವ ಬಲ, ಅದುರು, ಎಲ್ಲವನ್ನೂ ತಾಳಿಕೊಳ್ಳುವುದು ಈ ಹಲಗೆ ಮತ್ತು ಅದರ ಅಂಟು.

ಮೋಟರು, ಗಾಳಿದೋಣಿ ಎರಡೂ ಬೇರೆಬೇರೆ ಕಡೆ ಹುಟ್ಟಿದವು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಗೆ ಹೋಗಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಒಂದೂವರೆ ಅಶ್ವಶಕ್ತಿಯ ಯಂತ್ರದಿಂದ ಈ ಮೋಟರು ಜನಸಾಮಾನ್ಯರ ಕೈಗೆ ಬಂತು. ಅವನಿಗಿಂತ ಮೊದಲೂ ಇಂಥದ್ದನ್ನು ಮಾಡಿದವರಿದ್ದರು, ಆದರೆ ವ್ಯಾಪಾರ ಗೆದ್ದವನು ಅವನು. ದೋಣಿಯ ಕಡೆಯಿಂದ ಫ್ರಾನ್ಸಿನ ಜೋಡಿಯಾಕ್ ಕಂಪನಿಯ ಎಂಜಿನಿಯರ್ ಪಿಯರ್ ಡೆಬ್ರೂಟೆಲ್ 1930ರ ದಶಕದಲ್ಲಿ ‘ಯು’ ಆಕಾರದ ಗಾಳಿಕೊಳವೆ, ತೆರೆದ ಬಾಯಿಗೆ ಅಡ್ಡಲಾಗಿ ಮರದ ಹಲಗೆ ಇರುವ ವಿನ್ಯಾಸವನ್ನು ತಂದ. ಕಂಪನಿ ಅಲ್ಲಿಯವರೆಗೆ ಹೆಸರಾಗಿದ್ದದ್ದು ಆಕಾಶನೌಕೆಗಳಿಗೆ. ಗಾಳಿ ತುಂಬಿದ ಬಟ್ಟೆಯ ಮರ್ಮ ಅವರಿಗೆ ಗೊತ್ತಿತ್ತು; ನೀರಿಗೆ ಅದನ್ನು ಇಳಿಸಿದರು, ಅಷ್ಟೇ. ಇವತ್ತು ತುಂಗಭದ್ರೆಯಲ್ಲಿ ಓಡುವ ದೋಣಿಯ ಆಕಾರವೂ ಅದೇ.

ಈ ಹೊಳೆಯ ಹಳೆಯ ವಾಹನ ತೆಪ್ಪ. ಬಿದಿರಿನ ಹೆಣಿಗೆ, ಮೇಲೆ ಒಂದು ಕಾಲಕ್ಕೆ ಚರ್ಮ, ಈಗ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಇಲ್ಲ, ಮೋಟರು ಕೂರಿಸಲು ಜಾಗವೂ ಇಲ್ಲ. ಹಾಗೆಂದು ತೆಪ್ಪವನ್ನು ಹೀಗಳೆಯುವುದು ತಪ್ಪು. ಗೇಣುದ್ದ ನೀರಿನಲ್ಲೂ ಅದು ತೇಲುತ್ತದೆ, ಬಂಡೆಗೆ ತಾಗಿದರೆ ತಿರುಗಿ ಜಾರಿಕೊಳ್ಳುತ್ತದೆ. 2019ರ ಪ್ರವಾಹದಲ್ಲಿ ಹೊನ್ನಾಳಿ ಭಾಗದ ಜನಪ್ರತಿನಿಧಿಯೊಬ್ಬರು ನಡೆದೇ ಹೋಗಬಹುದಾದ ನೀರಿನಲ್ಲಿ ತೆಪ್ಪಕ್ಕೆ ಹುಟ್ಟು ಹಾಕಿದ ವಿಡಿಯೊ ನೋಡಿ ನಾಡೇ ನಕ್ಕಿತು. ನಗು ಬದಿಗಿರಲಿ, ಅಷ್ಟು ಕಡಿಮೆ ನೀರಿನಲ್ಲಿ ಮೋಟರಿನ ಫ್ಯಾನು ಮೊದಲ ನಿಮಿಷದಲ್ಲೇ ಕಲ್ಲಿಗೆ ಬಡಿಯುತ್ತಿತ್ತು ಎಂಬುದೂ ನಿಜ.

ಈಗ ಹಲಗೆಯ ವಿಷಯ.

ಮೋಟರಿನ ಶಾಫ್ಟು ಮುಖ್ಯವಾಗಿ ಎರಡು ಅಳತೆಗಳಲ್ಲಿ ಬರುತ್ತದೆ: 15 ಇಂಚಿನ ಗಿಡ್ಡದ್ದು, 20 ಇಂಚಿನ ಉದ್ದದ್ದು. ಸಣ್ಣ ಗಾಳಿದೋಣಿಗಳ ಹಲಗೆ ಸಾಮಾನ್ಯವಾಗಿ ಗಿಡ್ಡ ಶಾಫ್ಟಿಗೆ ಮಾಡಿದ್ದು. ಫ್ಯಾನಿನ ಸ್ವಲ್ಪ ಮೇಲೆ, ಶಾಫ್ಟಿಗೆ ಅಡ್ಡಲಾಗಿ, ಅಂಗೈ ಅಗಲದ ಲೋಹದ ತಟ್ಟೆಯೊಂದಿರುತ್ತದೆ. ಮೋಟರು ಸರಿಯಾಗಿ ಕೂತಿದೆಯೇ ಎಂದು ಹೇಳುವುದು ಅದೇ. ದೋಣಿಯ ತಳಕ್ಕೆ ಉದ್ದನೆಯ ನೇರ ಪಟ್ಟಿಯೊಂದನ್ನು ಹಿಡಿದು ಹಿಂದಕ್ಕೆ ಚಾಚಿದರೆ ಆ ತಟ್ಟೆ ಪಟ್ಟಿಯ ಮಟ್ಟದಲ್ಲಿರಬೇಕು, ಇಲ್ಲವೇ ಒಂದು ಇಂಚು ಕೆಳಗಿರಬೇಕು. ಅದಕ್ಕಿಂತ ಮೇಲಿದ್ದರೆ ಫ್ಯಾನು ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ನು ಕಿರುಚುತ್ತದೆ, ದೋಣಿ ನಿಂತಲ್ಲೇ ನಿಂತಿರುತ್ತದೆ. ತೀರಾ ಕೆಳಗಿದ್ದರೆ ಶಾಫ್ಟೇ ನೀರನ್ನು ತಡೆದು ವೇಗ ಕಡಿಮೆಯಾಗುತ್ತದೆ, ಹಿಂದಿನಿಂದ ನೀರು ಒಳಕ್ಕೆ ಎರಚುತ್ತದೆ, ಮರಳದಿಬ್ಬ ಸಿಕ್ಕರೆ ಫ್ಯಾನಿಗೆ ಪೆಟ್ಟು.

ಎತ್ತರ ಸರಿಯಾದ ಮೇಲೆ ಮೋಟರನ್ನು ಹಲಗೆಯ ನಟ್ಟನಡುವೆ ಕೂರಿಸಿ ಎರಡು ಕೈತಿರುಪುಗಳನ್ನು ಬಿಗಿ ಮಾಡುತ್ತಾರೆ. ದೊಡ್ಡ ಮೋಟರಿಗೆ ಅದು ಸಾಲದು, ಆರಪಾರ ಬೋಲ್ಟು ಬೇಕು. ಕೊರೆದ ತೂತಿಗೆ ನೀರು ಹೋಗದಂತೆ ಸೀಲೆಂಟ್ ತುಂಬದಿದ್ದರೆ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ತಿರುಪು ಬಿಗಿಯಾಗಿದೆ ಎಂದು ನಂಬಿ ಹೊರಡುವಂತೆಯೂ ಇಲ್ಲ. ಎಂಜಿನ್ನಿನ ಅದುರಿಗೆ ಹತ್ತು ನಿಮಿಷದಲ್ಲಿ ಮರ ಸ್ವಲ್ಪ ಒತ್ತಿಕೊಂಡು ತಿರುಪು ಸಡಿಲವಾಗುತ್ತದೆ. ಮತ್ತೊಮ್ಮೆ ಬಿಗಿ ಮಾಡಬೇಕು. ಇಷ್ಟಾದರೂ ಮೋಟರಿನಿಂದ ದೋಣಿಗೆ ಒಂದು ಸರಪಳಿ ಅಥವಾ ಹಗ್ಗ ಕಟ್ಟಿರಲೇಬೇಕು. ಕಳಚಿಬಿದ್ದ ಮೋಟರನ್ನು ಆಗಸ್ಟ್ ತಿಂಗಳ ತುಂಗಭದ್ರೆಯಲ್ಲಿ ಹುಡುಕುವವರಾರು?

ಮರದ ದೋಣಿಗಿಲ್ಲದ ಇನ್ನೊಂದು ತಾಪತ್ರಯ ಗಾಳಿಯದ್ದು. ದೋಣಿಯ ಕೊಳವೆಗೆ ಬೇಕಾದ ಒತ್ತಡ ಮೂರೂವರೆ ಪಿಎಸ್‌ಐ ಆಸುಪಾಸು. ಬೈಕಿನ ಟೈರಿಗೆ 30ರ ಹತ್ತಿರ ಹೊಡೆಸುವವರಿಗೆ ಇದು ಏನೇನೂ ಅಲ್ಲ ಅನ್ನಿಸುತ್ತದೆ. ಹಾಗೆಂದು ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಹೊಡೆದರೆ ಅಂಟು ಬಿಡುವ ಅಪಾಯ. ಕಾಲಿನ ಪಂಪೇ ವಾಸಿ. ಕೊಳವೆಯೊಳಗೆ ಮೂರೋ ಐದೋ ಪ್ರತ್ಯೇಕ ಕೋಣೆಗಳಿರುತ್ತವೆ. ಒಂದನ್ನೇ ಪೂರ್ತಿ ತುಂಬದೆ ಎಲ್ಲವನ್ನೂ ಅರ್ಧರ್ಧ ತುಂಬಿ, ಆಮೇಲೆ ಬಿಗಿ ಮಾಡಬೇಕು. ದಾವಣಗೆರೆಯ ಬಿಸಿಲಲ್ಲಿ ಬಿಗಿಯಾಗಿ ತುಂಬಿದ ದೋಣಿಯನ್ನು ತಣ್ಣನೆಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಕೊಳವೆ ಮೆತ್ತಗಾಗುತ್ತದೆ. ಮೆತ್ತಗಾದ ಕೊಳವೆ ಹಲಗೆಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದು ಮೋಟರಿನ ಭಾರಕ್ಕೆ ಹಿಂದಕ್ಕೆ ವಾಲುತ್ತದೆ, ದಡದಲ್ಲಿ ಪಟ್ಟಿ ಹಿಡಿದು ಅಳೆದ ಲೆಕ್ಕವೆಲ್ಲ ತಪ್ಪುತ್ತದೆ. ನೀರಿಗಿಳಿಸಿದ ಮೇಲೆ ಇನ್ನೊಮ್ಮೆ ಗಾಳಿ ನೋಡುವುದು ಇದಕ್ಕಾಗಿ.

ಹರಿಹರಕ್ಕೆ ಯಂತ್ರ ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿದರೂ ಹಲಗೆಗೊಂದು ಲೋಹದ ಪಟ್ಟಿ ಕೂರಿಸುವುದು ಇಂಥ ಊರಿಗೆ ದೊಡ್ಡ ಕೆಲಸವಲ್ಲ. ಆದರೆ ಓಬಿಎಂ ಎಂಜಿನ್ನಿನ ಕಾಯಿಲೆಗಳೇ ಬೇರೆ, ಅವನ್ನು ದಿನವೂ ನೋಡುವವರು ಕರಾವಳಿಯಲ್ಲಿದ್ದಾರೆ. ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಇಂಥ ಮೋಟರುಗಳನ್ನೇ ನಂಬಿವೆ. ಅಲ್ಲಿ ಮೋಟರು ವರ್ಷದ ಬಹುಪಾಲು ದುಡಿಯುತ್ತದೆ, ಹಾಗಾಗಿ ಸುಸ್ಥಿತಿಯಲ್ಲಿರುತ್ತದೆ. ಒಳನಾಡಿನ ರಕ್ಷಣಾ ದೋಣಿಯ ಮೋಟರು ಹನ್ನೊಂದು ತಿಂಗಳು ಮಲಗಿ, ಒಂದು ಮಧ್ಯರಾತ್ರಿ ಏಕಾಏಕಿ ಎದ್ದು ಓಡಬೇಕು. ಹಳೆಯ ಪೆಟ್ರೋಲು ಕಾರ್ಬುರೇಟರ್‌ನಲ್ಲಿ ಅಂಟಾಗಿರುತ್ತದೆ, ನೀರೆತ್ತುವ ಸಣ್ಣ ರಬ್ಬರ್ ಚಕ್ರ ಒಣಗಿ ಸೆಟೆದಿರುತ್ತದೆ.

ಈ ರಬ್ಬರ್ ಚಕ್ರದ ಮೇಲೆ ಎಂಜಿನ್ನಿನ ಪ್ರಾಣವೇ ನಿಂತಿದೆ. ಓಬಿಎಂ ತಣ್ಣಗಾಗುವುದು ಹೊಳೆಯ ನೀರಿನಿಂದಲೇ. ನೀರಿಲ್ಲದೆ ಸ್ಟಾರ್ಟ್ ಮಾಡಿದರೆ ಕ್ಷಣಗಳಲ್ಲಿ ಚಕ್ರ ಸುಡುತ್ತದೆ. ಹೀಗಾಗಿ ಪರೀಕ್ಷೆಗೆ ನೀರು ತುಂಬಿದ ಡ್ರಮ್ಮಿನೊಳಗೆ ಮೋಟರಿನ ಕಾಲನ್ನು ಇಳಿಸುತ್ತಾರೆ. ಹಗ್ಗ ಎಳೆದು ಎಂಜಿನ್ನು ಹತ್ತಿದ ಕೂಡಲೇ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಚಿಮ್ಮಬೇಕು. ಚಿಮ್ಮಿದರೆ ಒಳಗೆ ನೀರು ಹರಿಯುತ್ತಿದೆ ಎಂದರ್ಥ. ಇಲ್ಲದಿದ್ದರೆ ತಕ್ಷಣ ಆಫ್ ಮಾಡಬೇಕು. ಪ್ರವಾಹದ ನೀರಿನಲ್ಲಿ ಮರಳು, ಕೆಸರು ತುಂಬಿರುವುದರಿಂದ ಕಾರ್ಯಾಚರಣೆ ಮುಗಿದ ಮೇಲೂ ಇದೇ ಡ್ರಮ್ಮಿನಲ್ಲಿ ಶುದ್ಧ ನೀರಿಟ್ಟು ಓಡಿಸಿ ತೊಳೆಯಬೇಕು. ಟೂ ಸ್ಟ್ರೋಕ್ ಆದರೆ ಸಾಮಾನ್ಯವಾಗಿ 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಗಡಿಬಿಡಿಯಲ್ಲಿ ಆಯಿಲ್ ಮರೆತರೆ ಎಂಜಿನ್ನು ಹೊಳೆಯ ಮಧ್ಯದಲ್ಲಿ ಜಾಮ್ ಆಗುತ್ತದೆ.

ಹೊಳೆಯ ಮಧ್ಯದಲ್ಲಿ ಎಂಜಿನ್ನು ನಿಲ್ಲುವುದು ಎಂದರೇನು ಎಂಬುದು ಹರಿಹರದ ಸೇತುವೆಯ ಮೇಲೆ ನಿಂತು ನೋಡಿದರೆ ಗೊತ್ತಾಗುತ್ತದೆ. 1868ರಲ್ಲಿ ಮುಗಿದ ಹಳೆಯ ಸೇತುವೆಯ ಕಮಾನುಗಳ ಬಾಯಲ್ಲಿ ನೀರು ಇಕ್ಕಟ್ಟಾಗಿ ನುಗ್ಗುತ್ತದೆ. ಮೇಲ್ಗಡೆಯಿಂದ ಬಂದ ದೋಣಿ ಅಲ್ಲಿ ಶಕ್ತಿ ಕಳೆದುಕೊಂಡರೆ ಕಂಬಕ್ಕೆ ಅಡ್ಡಲಾಗಿ ಒತ್ತಿಕೊಂಡು ಮಗುಚುತ್ತದೆ. ಬೀದಿಗೆ ನುಗ್ಗಿದ ನೀರಿನ ಅಪಾಯ ಇನ್ನೊಂದು ಬಗೆಯದು. ಕೆಳಗೆ ಮುಳುಗಿದ ಬೈಕು, ಮುಳ್ಳುತಂತಿ, ಮುರಿದ ತಗಡು. ಮೇಲೆ ಅಂತರಗಂಗೆ, ತೇಲುವ ಸೀರೆ, ಪ್ಲಾಸ್ಟಿಕ್ಕು. ಸೀರೆಯೊಂದು ಫ್ಯಾನಿಗೆ ಸುತ್ತಿಕೊಂಡರೆ ಮುಗಿಯಿತು. ಅಂಥ ಕಡೆ ಮೋಟರನ್ನು ಮೇಲಕ್ಕೆತ್ತಿ ಹುಟ್ಟು ಹಾಕುವವನೇ ಜಾಣ.

ಮೋಟರಿದ್ದ ಮಾತ್ರಕ್ಕೆ ಹೊಳೆ ಮಣಿಯುವುದಿಲ್ಲ ಎಂದು ಇದೇ ತುಂಗಭದ್ರೆ 2019ರ ಆಗಸ್ಟ್‌ನಲ್ಲಿ ತೋರಿಸಿತು. ಹಂಪಿ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರ ರಕ್ಷಣೆಗೆ ಹೊರಟ ದೋಣಿಯೇ ಸೆಳವಿಗೆ ಮಗುಚಿತು. ತರಬೇತಿ ಪಡೆದ ರಕ್ಷಕರೇ ಕೊಚ್ಚಿಹೋಗಿ, ಅದೃಷ್ಟಕ್ಕೆ ಬದುಕಿ ಬಂದರು. ಅಲ್ಲಿ ಹೆಲಿಕಾಪ್ಟರ್ ಬರಬೇಕಾಯಿತು.

ದೋಣಿ ಮಗುಚದೆ ಚಾಲಕ ಮಾತ್ರ ಬಿದ್ದರೆ? ಹಿಡಿ ಬಿಟ್ಟ ಮೋಟರು ಪಕ್ಕಕ್ಕೆ ತಿರುಗಿ ದೋಣಿ ಸುತ್ತು ಹಾಕುತ್ತಾ ಬಿದ್ದವರ ಮೇಲೆಯೇ ಬರುತ್ತದೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಬಳಿ ಒಂದೇ ಕುಟುಂಬದ ಆರು ಮಂದಿ ಹೀಗೆ ನೀರಿಗೆ ಬಿದ್ದು, ತಂದೆ ಮತ್ತು ಎಂಟು ವರ್ಷದ ಮಗಳು ಸತ್ತರು. ಎಂಜಿನ್ ನಿಲ್ಲಿಸುವ ದಾರವನ್ನು ಚಾಲಕರಿಗೆ ಕಟ್ಟಿರಲಿಲ್ಲ. ಸುರುಳಿ ಸುತ್ತಿದ ಆ ಕೆಂಪು ದಾರದ ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ತುದಿ ಚಾಲಕನ ತೊಡೆಗೋ ಮಣಿಕಟ್ಟಿಗೋ. ಚಾಲಕ ಬಿದ್ದರೆ ದಾರ ಕಿತ್ತುಬಂದು ಎಂಜಿನ್ನು ನಿಲ್ಲುತ್ತದೆ. ಇಡೀ ಮೋಟರಿನಲ್ಲಿ ಇದಕ್ಕಿಂತ ಅಗ್ಗದ ಸಾಮಾನಿಲ್ಲ, ಇದಕ್ಕಿಂತ ಹೆಚ್ಚು ಜನ ಉದಾಸೀನ ಮಾಡುವ ಸಾಮಾನೂ ಇಲ್ಲ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಗಾಳಿದೋಣಿ ತರಿಸಿ, ಹಿಂದಕ್ಕೊಂದು ಮೋಟರು ಕಟ್ಟಿ ಸೂಳೆಕೆರೆಯಲ್ಲೋ ಕೊಂಡಜ್ಜಿ ಕೆರೆಯಲ್ಲೋ ಓಡಿಸುವ ಆಸೆಯುಳ್ಳವರೂ ಇರಬಹುದು. ಎಷ್ಟು ಅಶ್ವಶಕ್ತಿ, ಎಷ್ಟು ತೂಕದ ಮೋಟರು ತಾಳುತ್ತದೆ ಎಂಬ ಫಲಕ ದೋಣಿಯ ಮೇಲೆ ಇಲ್ಲದಿದ್ದರೆ ಅದು ಹುಟ್ಟಿಗೆ ಮಾತ್ರ ಲಾಯಕ್ಕು. ಜೊತೆಗೆ, 1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದಿಂದ ಓಡುವ ದೋಣಿಗೆ ತಪಾಸಣೆ, ನೋಂದಣಿಯ ಕಟ್ಟುಪಾಡು ಹಾಕುತ್ತದೆ. ಕೆರೆಯೂ ಸರ್ಕಾರದ ಆಸ್ತಿ, ಅನುಮತಿ ಕೇಳದೆ ಇಳಿಯುವಂತಿಲ್ಲ.

ಪ್ರತಿ ಮಳೆಗಾಲದ ಮುಂಚೆ ನಡೆಯುವ ಅಣಕು ಕಾರ್ಯಾಚರಣೆಯಲ್ಲಿ ಫೋಟೊಗೆ ದೋಣಿ ಓಡಿದರೆ ಸಾಲದು. ಮಡಚಿಟ್ಟ ದೋಣಿಯನ್ನು ಬಿಚ್ಚಿ, ಗಾಳಿ ತುಂಬಿ, ಮೋಟರು ಕೂರಿಸಿ ನೀರಿಗಿಳಿಸಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಗಡಿಯಾರ ಹಿಡಿದು ನೋಡಬೇಕು, ಅದೂ ಕತ್ತಲಲ್ಲಿ, ಜನರ ಎದುರಿಗೇ. ಇದು ರೋಹಿಣಿ ಮಳೆಗೆ ಮುಂಚೆ ಮುಗಿದಿರಲಿ. ಹೊಳೆದಂಡೆಯ ಜನರೂ ಮನೆಗೆ ನೀರು ಬರುವ ತನಕ ಕಾಯದೆ, ಗಾಜನೂರಿನಿಂದ ನೀರು ಬಿಟ್ಟ ಸುದ್ದಿ ಕೇಳಿದ ಕೂಡಲೇ ಹಿರಿಯರನ್ನೂ ಮಕ್ಕಳನ್ನೂ ಎತ್ತರದ ಜಾಗಕ್ಕೆ ಸಾಗಿಸಿ. ಸಿಕ್ಕಿಹಾಕಿಕೊಂಡರೆ 112 ಅಥವಾ 101ಕ್ಕೆ ಕರೆ ಮಾಡಿ.