ಜಠರವೇ ಅನ್ನನಾಳವಾದ ಮೇಲೆ

ಪ್ರಶ್ನೆ: ಕ್ಯಾನ್ಸರ್‌ಗಾಗಿ ನಮ್ಮ ದೊಡ್ಡಪ್ಪನ ಅನ್ನನಾಳ ತೆಗೆದು, ಜಠರವನ್ನೇ ಮೇಲೆಳೆದು ಜೋಡಿಸಿದ್ದಾರೆ. ವರ್ಷಗಳಾದರೂ ಊಟದ ನಂತರ ಬೆವರು, ತಲೆಸುತ್ತು. ಮಲಗಿದರೆ ಬಾಯಿಗೆ ಕಹಿ ನೀರು. ಏಕೆ?

ಉತ್ತರ: ಅನ್ನನಾಳ ಬರಿಯ ಕೊಳವೆಯಲ್ಲ. ಅದರ ಸ್ನಾಯುಗಳು ತುತ್ತನ್ನು ಕೆಳಗೆ ತಳ್ಳುತ್ತವೆ. ಕೆಳತುದಿಯ ಬಿಗಿ ಸ್ನಾಯು ಆಮ್ಲ ಮೇಲೇರದಂತೆ ತಡೆಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಆ ತಡೆಯೇ ಹೋಗುತ್ತದೆ. ಹೊಸ ನಾಳದಲ್ಲಿ ಆಹಾರ ಬಹುಮಟ್ಟಿಗೆ ತನ್ನ ಭಾರದಿಂದಲೇ ಇಳಿಯಬೇಕು. ಹಾಗಾಗಿ ಮಲಗಿದಾಗ ಆಮ್ಲ, ಪಿತ್ತರಸ ಗಂಟಲಿಗೆ ಬರುತ್ತವೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಜಠರದ ಚಲನೆ ನಿಯಂತ್ರಿಸುವ ವೇಗಸ್ ನರವನ್ನೂ ಸಾಮಾನ್ಯವಾಗಿ ಕತ್ತರಿಸಬೇಕಾಗುತ್ತದೆ. ಆಮೇಲೆ ಕೆಲವರಲ್ಲಿ ಆಹಾರ ಅಲ್ಲೇ ನಿಲ್ಲುತ್ತದೆ. ಕೆಲವರಲ್ಲಿ ಒಮ್ಮೆಲೇ ಸಣ್ಣಕರುಳಿಗೆ ನುಗ್ಗುತ್ತದೆ. ಇದೇ ಡಂಪಿಂಗ್. ಊಟವಾದ ಸ್ವಲ್ಪ ಹೊತ್ತಿಗೆ ಎದೆಬಡಿತ, ಹೊಟ್ಟೆನುಲಿತ, ಭೇದಿ. 1ರಿಂದ 3 ಗಂಟೆಯ ಬಳಿಕ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ. ದೊಡ್ಡಪ್ಪನ ಲಕ್ಷಣಗಳು ಇದನ್ನು ಹೋಲುತ್ತವೆ.

ಜೋಡಿಸಿದ ಜಾಗ ಕಿರಿದಾಗಿ ನುಂಗಲು ಕಷ್ಟವಾಗುವುದೂ ಉಂಟು. ಎಂಡೋಸ್ಕೋಪಿ ಮಾಡಿ ಬಲೂನಿನಿಂದ ಹಿಗ್ಗಿಸುತ್ತಾರೆ. ಹಲವು ಬಾರಿ ಬೇಕಾಗಬಹುದು. ಜಠರದ ಬದಲು ದೊಡ್ಡಕರುಳನ್ನು ಜೋಡಿಸಿದ್ದರೆ, ಅದು ವರ್ಷಗಳಲ್ಲಿ ಉದ್ದವಾಗಿ, ಬಾಗಿ, ಆಹಾರವನ್ನು ತಡೆಯಬಹುದು. ಕಬ್ಬಿಣ, ಬಿ12 ಕೊರತೆ ನಿಧಾನವಾಗಿ ಬರುತ್ತದೆ. ಆಗಾಗ ರಕ್ತಪರೀಕ್ಷೆ ಬೇಕು.

ದಿನಕ್ಕೆ 5–6 ಬಾರಿ ಸ್ವಲ್ಪಸ್ವಲ್ಪ ಉಣ್ಣಲಿ. ಸಿಹಿ ಕಡಿಮೆಯಿರಲಿ, ನೀರನ್ನು ಊಟದ ಜೊತೆ ಕುಡಿಯದಿರಲಿ. ಉಂಡ ಮೇಲೆ 2–3 ಗಂಟೆ ಮಲಗದೆ, ರಾತ್ರಿ ಮಂಚದ ತಲೆಭಾಗ ಎತ್ತರಿಸಿಕೊಳ್ಳಲಿ. ನುಂಗಲು ಹೊಸದಾಗಿ ಕಷ್ಟವಾದರೆ, ತೂಕ ಇಳಿದರೆ, ಜ್ವರ–ಕೆಮ್ಮು ಮರುಕಳಿಸಿದರೆ ತಡಮಾಡಬೇಡಿ: ಕ್ಯಾನ್ಸರ್ ಮತ್ತೆ ಬಂದಿಲ್ಲವೆಂದು ವೈದ್ಯರು ಖಚಿತಪಡಿಸಿಕೊಳ್ಳಬೇಕು.