ಹಡಗಿನ ರಹದಾರಿ: ದುಬಾರಿ ಪರೀಕ್ಷೆಯೋ, ಅಗ್ಗದ ಪರೀಕ್ಷೆಯೋ?

ಸಮುದ್ರಯಾನಕ್ಕೆ ಹೊರಡುವವನಿಗೆ ಟಿಕೆಟ್ಟೂ ರಹದಾರಿಯೂ ಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ೨೦೨೧ ಮತ್ತು ೨೦೨೨ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ರೇವುಗಳಿಂದ ವಿಹಾರನೌಕೆಗಳನ್ನು ಹತ್ತಿದವರಿಗೆ ಇವೆರಡರ ಜೊತೆಗೆ ಮೂರನೆಯದೊಂದು ಕಾಗದವೂ ಬೇಕಾಗಿದ್ದಿತು. ಕೋವಿಡ್ ರೋಗದ ವೈರಸ್ ತಮ್ಮ ಮೂಗಿನಲ್ಲಿ ಕಂಡುಬರಲಿಲ್ಲವೆಂದು ಎರಡು ಮೂರು ದಿನಗಳ ಹಿಂದಷ್ಟೆ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರವೇ ಅದು. ಈ ಕಾಗದವನ್ನು ಪಡೆಯಲು ಒಬ್ಬನು ನೂರು ಡಾಲರಿಗೂ ಮಿಗಿಲಾಗಿ ತೆತ್ತರೆ, ಮತ್ತೊಬ್ಬನು ಬಿಡಿಗಾಸನ್ನೂ ಕೊಡದೆ ಪಡೆಯುತ್ತಿದ್ದನು. ಇಬ್ಬರೂ ಹತ್ತುತ್ತಿದ್ದುದು ಒಂದೇ ಹಡಗನ್ನು. ಹಾಗಾದರೆ ಹೆಚ್ಚು ಹಣ ತೆತ್ತವನಿಂದ ಸಹಪ್ರಯಾಣಿಕರಿಗೆ ಹೆಚ್ಚಿನ ರಕ್ಷಣೆ ದೊರಕುತ್ತಿದ್ದಿತೆ? ಅಗ್ಗದ ಪರೀಕ್ಷೆಯನ್ನು ಆರಿಸಿಕೊಂಡವನು ಇತರರಿಗೆ ಅಪಾಯವನ್ನು ತಂದೊಡ್ಡುತ್ತಿದ್ದನೆ? ಜೇಬಿಗೆ ಸಂಬಂಧಿಸಿದಂತೆ ತೋರುವ ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ಜೀವವಿಜ್ಞಾನದ ಬಾಗಿಲನ್ನೇ ತಟ್ಟಬೇಕಾಗುತ್ತದೆ.

ನಲವತ್ತು ದಿನಗಳಿಂದ ಎರಡು ದಿನಗಳಿಗೆ

ಹಡಗಿನ ಮೂಲಕ ರೋಗವು ಊರಿಂದೂರಿಗೆ ಹರಡುವುದೆಂಬ ಅರಿವು ಬಹು ಹಳೆಯದು. ೧೩೭೭ರಲ್ಲಿ ಏಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರವು—ಇಂದು ಅದನ್ನು ಡುಬ್ರೋವ್ನಿಕ್ ಎನ್ನುತ್ತಾರೆ—ಪ್ಲೇಗು ಪೀಡಿತ ಪ್ರದೇಶಗಳಿಂದ ಬಂದವರನ್ನು ಮೂವತ್ತು ದಿನಗಳವರೆಗೆ ಊರ ಹೊರಗೇ ನಿಲ್ಲಿಸುವ ಕಾನೂನನ್ನು ಮಾಡಿತು. ಮುಂದೆ ಈ ಅವಧಿ ನಲವತ್ತು ದಿನಗಳಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವಾರಂಟ’ ಎನ್ನುವರು. ‘ಕ್ವಾರಂಟೀನ್’ ಎಂಬ ಪದ ಹುಟ್ಟಿದ್ದು ಇದರಿಂದಲೇ. ರೋಗಾಣುವನ್ನು ಕಾಣುವ ಸಾಧನವಿಲ್ಲದ ಆ ಕಾಲದಲ್ಲಿ, ಕಾದು ನೋಡುವುದೊಂದೇ ಪರೀಕ್ಷೆಯಾಗಿದ್ದಿತು.

ಕಾದು ನೋಡುವ ಕ್ರಮದ ಕಷ್ಟವೇನೆಂಬುದನ್ನು ೨೦೨೦ರ ಫೆಬ್ರವರಿಯಲ್ಲಿ ಇಡೀ ಜಗತ್ತು ಕಂಡಿತು. ‘ಡೈಮಂಡ್ ಪ್ರಿನ್ಸೆಸ್’ ಎಂಬ ವಿಹಾರನೌಕೆಯು ಜಪಾನಿನ ಯೊಕೊಹಾಮ ಬಂದರಿನಲ್ಲಿ ನಿಂತಿತು. ಅದರಲ್ಲಿದ್ದವರು ೩,೭೧೧ ಮಂದಿ. ಹಿಂದಿನ ತಿಂಗಳು ಹಾಂಗ್‌ಕಾಂಗಿನಲ್ಲಿ ಇಳಿದುಹೋಗಿದ್ದ ಪ್ರಯಾಣಿಕನೊಬ್ಬನಿಗೆ ಕೋವಿಡ್ ಇದ್ದುದು ಪತ್ತೆಯಾಗಿದ್ದಿತು. ಆದಕಾರಣ ಹಡಗಿನಲ್ಲಿದ್ದವರನ್ನೆಲ್ಲ ಅಲ್ಲಿಯೇ ತಡೆಹಿಡಿದರು. ಕೊನೆಗೆ ೭೧೨ ಮಂದಿಗೆ ಸೋಂಕು ತಗುಲಿದುದು ತಿಳಿದುಬಂದಿತು. ಹಲವರು ಪ್ರಾಣವನ್ನೇ ಕಳೆದುಕೊಂಡರು. ಪ್ರಯಾಣಿಕರು ಕೋಣೆಗಳಲ್ಲಿ ಕುಳಿತಿದ್ದಾಗ ಅವರಿಗೆ ಅನ್ನಾಹಾರಗಳನ್ನು ಒದಗಿಸುತ್ತಿದ್ದವರು ನೌಕಾಸಿಬ್ಬಂದಿಯವರು. ಅವರಲ್ಲಿ ೧೩೨ ಮಂದಿ ಭಾರತೀಯರಿದ್ದರು.

ಈ ಹಡಗು ಕಲಿಸಿದ ಮುಖ್ಯವಾದ ಪಾಠವೊಂದಿದೆ. ಪರೀಕ್ಷೆಯಲ್ಲಿ ಸೋಂಕು ಕಂಡುಬಂದವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಆ ವೇಳೆಯಲ್ಲಿ ಜ್ವರವಾಗಲಿ ಕೆಮ್ಮಾಗಲಿ ಇರಲಿಲ್ಲ. ಹೀಗಿರುವಾಗ ಬಂದರಿನ ಬಾಗಿಲಲ್ಲಿ ಹಣೆಗೆ ಉಷ್ಣಮಾಪಕವನ್ನು ಹಿಡಿದು ರೋಗಿಯನ್ನು ಗುರುತಿಸುವುದು ಹೇಗೆ ಸಾಧ್ಯ? ಮೂಗಿನೊಳಗಿನ ದ್ರವವನ್ನು ಪರೀಕ್ಷಿಸದೆ ಬೇರೆ ಮಾರ್ಗವಿರಲಿಲ್ಲ. ೨೦೨೦ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರ ವಿಹಾರನೌಕೆಗಳ ಸಂಚಾರವನ್ನೇ ನಿಲ್ಲಿಸಿತು. ೨೦೨೧ರ ಜೂನ್ ತಿಂಗಳಲ್ಲಿ ಯಾನಗಳು ಮತ್ತೆ ಮೊದಲಾದಾಗ, ಲಸಿಕೆಯೊಡನೆ ಯಾನಪೂರ್ವ ಪರೀಕ್ಷೆಯೂ ಪದ್ಧತಿಗೆ ಬಂದಿತು. ಲಸಿಕೆ ಪಡೆದವರು ಹೊರಡುವುದಕ್ಕೆ ಮೂರು ದಿನಗಳೊಳಗೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದಿದ್ದ ನಿಯಮವನ್ನು ಕೆಲವೇ ತಿಂಗಳಲ್ಲಿ ಎರಡು ದಿನಗಳಿಗೆ ಬಿಗಿಮಾಡಿದರು. ಲಸಿಕೆ ಪಡೆಯದವರಿಗಿದ್ದ ನಿಯಮಗಳು ಇನ್ನೂ ಕಠಿನವಾಗಿದ್ದವು.

ಎರಡು ಪರೀಕ್ಷೆಗಳು, ಎರಡು ಪ್ರಶ್ನೆಗಳು

ಪರೀಕ್ಷೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪಿ.ಸಿ.ಆರ್. ಪರೀಕ್ಷೆ. ಅಮೆರಿಕದ ಕೇರಿ ಮುಲ್ಲಿಸ್ ಎಂಬ ರಸಾಯನ ವಿಜ್ಞಾನಿಯು ಈ ವಿಧಾನವನ್ನು ೧೯೮೩ರಲ್ಲಿ ಕಲ್ಪಿಸಿ, ಅದಕ್ಕಾಗಿ ೧೯೯೩ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಇದರಲ್ಲಿ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ. ರೂಪಕ್ಕೆ ಪರಿವರ್ತಿಸುತ್ತಾರೆ. ಬಳಿಕ ಯಂತ್ರವೊಂದರಲ್ಲಿ ಅದನ್ನು ಕಾಯಿಸಿ ತಣಿಸಿ, ಮತ್ತೆ ಕಾಯಿಸಿ ತಣಿಸಿ, ಪ್ರತಿ ಸಲವೂ ಅದರ ಪ್ರತಿಗಳನ್ನು ಇಮ್ಮಡಿ ಮಾಡುತ್ತಾರೆ. ಚದುರಂಗದ ಮಣೆಯ ಮನೆಮನೆಗೂ ಅಕ್ಕಿಯ ಕಾಳುಗಳನ್ನು ಇಮ್ಮಡಿಸುತ್ತ ಹೋಗಿ ರಾಜನ ಕಣಜವನ್ನೇ ಬರಿದುಮಾಡಿದ ಕಥೆಯನ್ನು ವಿದ್ಯಾರ್ಥಿಗಳು ಕೇಳಿರಬಹುದು. ಇಲ್ಲಿಯೂ ಅದೇ ಲೆಕ್ಕ. ಒಂದು ಎಳೆಯು ಮೂವತ್ತು ಸಲ ಇಮ್ಮಡಿಸಿದರೆ ೧೦೭ ಕೋಟಿಗೂ ಮೀರಿದ ಎಳೆಗಳಾಗುತ್ತವೆ. ಆದ್ದರಿಂದಲೇ ಮೂಗಿನಲ್ಲಿ ಅತ್ಯಲ್ಪ ಪ್ರಮಾಣದ ವೈರಸ್ ಇದ್ದರೂ ಈ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗುವುದು ಅಪರೂಪ. ಆದರೆ ಇದಕ್ಕೆ ಪ್ರಯೋಗಶಾಲೆ, ಬೆಲೆಯುಳ್ಳ ಯಂತ್ರ, ನುರಿತ ಕೆಲಸಗಾರರು ಎಲ್ಲವೂ ಬೇಕು. ಫಲಿತಾಂಶವು ಕೈಸೇರಲು ಒಂದೆರಡು ದಿನಗಳೇ ಹಿಡಿಯುವುದುಂಟು.

ಎರಡನೆಯದು ಆಂಟಿಜನ್ ಪರೀಕ್ಷೆ. ಗರ್ಭಪರೀಕ್ಷೆಯ ಪಟ್ಟಿಯನ್ನು ಹೋಲುವ ಚಿಕ್ಕ ಸಾಧನವಿದು. ಮಸಿಹೀರುವ ಕಾಗದದ ತುದಿಯನ್ನು ನೀರಿಗೆ ತಾಗಿಸಿದರೆ ನೀರು ತಾನಾಗಿಯೇ ಮೇಲಕ್ಕೇರುವುದಷ್ಟೆ? ಅದೇ ತತ್ತ್ವದಂತೆ ಮೂಗಿನ ದ್ರವವು ಪಟ್ಟಿಯಲ್ಲಿ ಹರಿಯುತ್ತದೆ. ದಾರಿಯಲ್ಲಿ ಅದಕ್ಕೆ ಪ್ರತಿಕಾಯಗಳನ್ನು ಲೇಪಿಸಿದ ಅತಿಸೂಕ್ಷ್ಮ ಕಣಗಳು ಸೇರಿಕೊಳ್ಳುತ್ತವೆ. ಹಲವು ಪಟ್ಟಿಗಳಲ್ಲಿ ಈ ಕಣಗಳು ಚಿನ್ನದವು. ಚಿನ್ನವನ್ನು ಅಷ್ಟು ಸಣ್ಣದಾಗಿಸಿದರೆ ಅದು ಹಳದಿಯ ಬದಲು ಕೆಂಪಾಗಿ ತೋರುವುದೆಂಬುದು ಸೋಜಿಗದ ವಿಷಯ! ವೈರಸ್ಸಿನ ಒಳತಿರುಳಿಗೆ ಸೇರಿದ ಪ್ರೋಟೀನು ದ್ರವದಲ್ಲಿದ್ದರೆ ಕಣಗಳು ಅದಕ್ಕೆ ಅಂಟಿಕೊಂಡು, ನಿಗದಿಯಾದ ಗೆರೆಯ ಬಳಿ ಸಿಕ್ಕಿಬಿದ್ದು, ಬಣ್ಣವನ್ನು ತೋರುತ್ತವೆ. ಸುಮಾರು ಹದಿನೈದು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಆದರೆ ಇಲ್ಲಿ ಇಮ್ಮಡಿಸುವ ಏರ್ಪಾಡಿಲ್ಲ. ಆದಕಾರಣ ವೈರಸ್ ಧಾರಾಳವಾಗಿದ್ದಾಗ ಮಾತ್ರ ಗೆರೆ ಮೂಡುತ್ತದೆ.

ಇದನ್ನು ಓದಿದ ಕೂಡಲೆ ಅಗ್ಗದ ಪರೀಕ್ಷೆಯು ಕೀಳು ಪರೀಕ್ಷೆಯೆಂದು ತೋರುವುದು ಸಹಜ. ಆದರೆ ಅವಸರದಿಂದ ತೀರ್ಮಾನಿಸಲಾಗದು. ಪಿ.ಸಿ.ಆರ್. ಉತ್ತರಿಸುವ ಪ್ರಶ್ನೆ, “ಈ ಮೂಗಿನಲ್ಲಿ ವೈರಸ್ಸಿನ ಅಂಶ ಏನಾದರೂ ಇದೆಯೆ?” ಎಂಬುದು. ರೋಗವು ವಾಸಿಯಾಗಿ ವಾರಗಳು ಕಳೆದ ಮೇಲೂ ಸತ್ತ ವೈರಸ್ಸಿನ ಚೂರುಗಳು ಮೂಗಿನಲ್ಲಿ ಉಳಿದಿರುವುದುಂಟು. ಅವುಗಳನ್ನೂ ಅದು ಹಿಡಿದು ತೋರಿಸುತ್ತದೆ. ಹಡಗಿನ ಬಾಗಿಲಲ್ಲಿ ನಿಂತವನಿಗೆ ಬೇಕಾದ ಉತ್ತರವಾದರೋ ಬೇರೆ: “ಈ ಮನುಷ್ಯನು ಇಂದು ಇತರರಿಗೆ ರೋಗವನ್ನು ಅಂಟಿಸಬಲ್ಲನೆ?” ವೈರಸ್ ಧಾರಾಳವಾಗಿರುವವನೇ ಹೆಚ್ಚಾಗಿ ರೋಗವನ್ನು ಹರಡುವವನಾದುದರಿಂದ, ಈ ಎರಡನೆಯ ಪ್ರಶ್ನೆಗೆ ಆಂಟಿಜನ್ ಪಟ್ಟಿಯ ಉತ್ತರವೇ ಹೆಚ್ಚು ಹತ್ತಿರವಾದುದು.

ಹೊತ್ತಿಗೆ ಇರುವ ಬೆಲೆ

ಇಲ್ಲಿ ಹೊತ್ತಿನ ಪಾತ್ರವನ್ನು ಮರೆಯಬಾರದು. ಸೋಂಕಿನ ಆರಂಭದಲ್ಲಿ ವೈರಸ್ ಬಹು ಶೀಘ್ರವಾಗಿ ವೃದ್ಧಿಯಾಗುತ್ತದೆ. ಗುರುವಾರ ಬೆಳಗ್ಗೆ ಯಾವ ಪರೀಕ್ಷೆಗೂ ಸಿಕ್ಕದವನು ಶನಿವಾರ ಮಧ್ಯಾಹ್ನ ಹಡಗು ಹತ್ತುವ ವೇಳೆಗೆ ರೋಗವನ್ನು ಹರಡುವ ಸ್ಥಿತಿಯಲ್ಲಿರಬಹುದು. ಪರೀಕ್ಷೆಯೆಂಬುದು ಛಾಯಾಚಿತ್ರವಿದ್ದಂತೆ, ತೆಗೆದ ಕ್ಷಣದ ಸ್ಥಿತಿಯನ್ನು ತೋರಿಸುತ್ತದೆಯೇ ಹೊರತು ನಾಳೆಯದನ್ನಲ್ಲ. ಎಷ್ಟು ಒಳ್ಳೆಯ ಯಂತ್ರದಿಂದ ತೆಗೆದರೂ ಹಳೆಯ ಚಿತ್ರವು ಹಳೆಯದೇ. ಡೇನಿಯಲ್ ಲಾರೆಮೋರ್, ಮೈಕೇಲ್ ಮೀನಾ ಮೊದಲಾದ ಅಮೆರಿಕದ ಸಂಶೋಧಕರು ೨೦೨೦ರಲ್ಲಿ ಗಣಿತದ ಮಾದರಿಗಳ ನೆರವಿನಿಂದ ಇದನ್ನೇ ತೋರಿಸಿಕೊಟ್ಟರು. ಜನಸಮೂಹದಲ್ಲಿ ಸೋಂಕನ್ನು ತಡೆಯುವುದಕ್ಕೆ ಪರೀಕ್ಷೆಯ ಸೂಕ್ಷ್ಮತೆಗಿಂತಲೂ ಎಷ್ಟು ಸಲ ಪರೀಕ್ಷಿಸುತ್ತೇವೆ, ಎಷ್ಟು ಬೇಗ ಫಲಿತಾಂಶ ತಿಳಿಯುತ್ತದೆ ಎಂಬುವೇ ಹೆಚ್ಚು ಮುಖ್ಯವೆಂಬುದು ಅವರ ನಿರ್ಣಯ.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ೨,೦೦೦ ಮಂದಿ ಹತ್ತಲಿರುವ ಹಡಗಿನಲ್ಲಿ ೨೦ ಮಂದಿಗೆ ಸೋಂಕಿದೆಯೆಂದಿಟ್ಟುಕೊಳ್ಳಿ. ನೂರಕ್ಕೆ ಎಪ್ಪತ್ತರಂತೆ ಹಿಡಿಯುವ ಅಗ್ಗದ ಪರೀಕ್ಷೆಯು ೧೪ ಮಂದಿಯನ್ನು ಮನೆಯಲ್ಲಿಯೇ ಉಳಿಸುತ್ತದೆ. ೬ ಮಂದಿ ನುಸುಳುತ್ತಾರೆ. ಸೂಕ್ಷ್ಮತರವಾದ ದುಬಾರಿ ಪರೀಕ್ಷೆಯನ್ನು ಮೂರು ದಿನ ಮುಂಚೆ ಮಾಡಿದಾಗ, ಆ ೨೦ರಲ್ಲಿ ೮ ಮಂದಿಗೆ ಸೋಂಕು ಆಮೇಲೆ ತಗುಲಿದ್ದರೆ, ಆ ಎಂಟು ಮಂದಿಯೂ ಶುದ್ಧ ಪ್ರಮಾಣಪತ್ರದೊಡನೆ ಹಡಗಿಗೆ ಬರುತ್ತಾರೆ. ಇನ್ನೊಂದು ವಿಚಾರವೂ ಉಂಟು. ಸೋಂಕಿಲ್ಲದ ಸಾವಿರದಲ್ಲಿ ಐದು ಮಂದಿಗೆ ಪಟ್ಟಿಯು ತಪ್ಪಾಗಿ ಗೆರೆ ತೋರಿಸುವುದಾದರೆ, ಈ ಹಡಗಿನಲ್ಲಿ ಸುಮಾರು ೧೦ ಮಂದಿ ನಿರಪರಾಧಿಗಳು ಯಾನವನ್ನು ಕಳೆದುಕೊಳ್ಳುವರು. ಅಂತಹವರ ಪಾಲಿಗೆ ಪಿ.ಸಿ.ಆರ್. ಮೇಲ್ಮನವಿಯ ನ್ಯಾಯಾಲಯವಿದ್ದಂತೆ. ಎಲ್ಲರಿಗೂ ಅಗ್ಗದ ಪರೀಕ್ಷೆ, ಸಂದೇಹವಿದ್ದವರಿಗೆ ಮಾತ್ರ ದುಬಾರಿ ಪರೀಕ್ಷೆ ಎಂಬ ಕ್ರಮವು ವಿವೇಕದ ಕ್ರಮ.

ಹಣವು ಯಾವುದಕ್ಕೆ ಹೋಗುತ್ತಿದ್ದಿತು?

ನಿಯಮವನ್ನು ಎಚ್ಚರದಿಂದ ಓದಿದವನಿಗೆ ಹಣವನ್ನು ಉಳಿಸುವ ಮಾರ್ಗಗಳು ಆ ದಿನಗಳಲ್ಲಿ ಹಲವಿದ್ದವು. ಮೊದಲನೆಯದಾಗಿ, ಲಸಿಕೆ ಪಡೆದವರಿಂದ ಪಿ.ಸಿ.ಆರ್. ಪರೀಕ್ಷೆಯನ್ನೇ ಅಮೆರಿಕದ ನಿಯಮವು ಕೇಳುತ್ತಿರಲಿಲ್ಲ. ಆಂಟಿಜನ್ ಪರೀಕ್ಷೆಯೂ ಸಲ್ಲುತ್ತಿದ್ದಿತು. ಇದನ್ನು ಗಮನಿಸದವರು ಬಂದರಿನ ಹತ್ತಿರದ ಖಾಸಗಿ ಕೇಂದ್ರಗಳಲ್ಲಿ ತುರ್ತು ಪಿ.ಸಿ.ಆರ್.ಗಾಗಿ ಅನಾವಶ್ಯಕವಾಗಿ ಹಣ ತೆತ್ತರು. ಎರಡನೆಯದಾಗಿ, ಅವಧಿಯನ್ನು ಗಂಟೆಗಳ ಬದಲು ದಿನಗಳಲ್ಲಿ ಎಣಿಸುತ್ತಿದ್ದರು. ಶನಿವಾರ ಹೊರಡುವವನು ಗುರುವಾರ ಅಥವಾ ಶುಕ್ರವಾರದ ಯಾವ ವೇಳೆಯಲ್ಲಾದರೂ ಪರೀಕ್ಷಿಸಿಕೊಳ್ಳಬಹುದಾಗಿದ್ದಿತು. ಔಷಧದ ಅಂಗಡಿಗಳಲ್ಲಿ ಸರ್ಕಾರದ ನೆರವಿನಿಂದ ನಡೆಯುತ್ತಿದ್ದ ಉಚಿತ ಪರೀಕ್ಷೆಗೆ ಈ ದಿನಗಳನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಂಡವರು ಖರ್ಚಿಲ್ಲದೆ ಕಾಗದವನ್ನು ಪಡೆದರು.

ಮೂರನೆಯದು ಮನೆಯಲ್ಲಿ ಮಾಡಿಕೊಳ್ಳುವ ಪರೀಕ್ಷೆ. ೨೦೨೧ರ ಏಪ್ರಿಲಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಬೈನಾಕ್ಸ್‌ನೌ’ ಎಂಬ ಪರೀಕ್ಷೆಯ ಎರಡು ಪಟ್ಟಿಗಳ ಪೆಟ್ಟಿಗೆಗೆ ಸುಮಾರು ೨೪ ಡಾಲರು. ಆದರೆ ತನ್ನಷ್ಟಕ್ಕೆ ತಾನು ಮಾಡಿಕೊಂಡ ಪರೀಕ್ಷೆಯನ್ನು ನೌಕಾಸಂಸ್ಥೆಗಳು ಬಹುಕಾಲ ಒಪ್ಪಲಿಲ್ಲ. ಮೂಗಿಗೆ ಕಡ್ಡಿಯನ್ನು ಹಾಕಿಕೊಂಡವನು ಆ ಮನುಷ್ಯನೇ ಎಂಬುದಕ್ಕೆ ಸಾಕ್ಷಿ ಯಾರು? ಇದಕ್ಕಾಗಿ ದೂರದಲ್ಲಿದ್ದುಕೊಂಡೇ ದೃಶ್ಯ ದೂರವಾಣಿಯ ಮೂಲಕ ಒಬ್ಬ ಮೇಲ್ವಿಚಾರಕನು ನೋಡುತ್ತಿದ್ದು, ಹೆಸರು, ದಿನಾಂಕ, ಪರೀಕ್ಷೆಯ ಬಗೆ ಇವನ್ನೆಲ್ಲ ಬರೆದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂದಿತು. ಪಟ್ಟಿಯೊಳಗಿನ ರಸಾಯನಕ್ರಿಯೆ ಅಂಗಡಿಯ ಪಟ್ಟಿಯದೇ. ಕೊಂಡವನು ಹೆಚ್ಚಾಗಿ ತೆತ್ತ ಹಣವೆಲ್ಲ ಸಾಕ್ಷಿಗೆ ಸಂದ ಸಂಬಳ. ಆದರೂ ಒಟ್ಟಾಗಿ ಕೊಂಡಾಗ ತಲೆಗೆ ಸುಮಾರು ೨೫ ಡಾಲರಾಗುತ್ತಿದ್ದಿತು. ನಾಲ್ವರ ಕುಟುಂಬಕ್ಕೆ ೧೦೦ ಡಾಲರು. ತಲೆಗೆ ೧೫೦ ಡಾಲರಿನ ತುರ್ತು ಪರೀಕ್ಷೆಯಾದರೆ ಅದೇ ಕುಟುಂಬಕ್ಕೆ ೬೦೦ ಡಾಲರು. ಹೊರಡುವ ಕೆಲವು ದಿನ ಮುಂಚೆ ಅಗ್ಗದ ಪಟ್ಟಿಯೊಂದರಲ್ಲಿ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ ಇನ್ನೊಂದು ಲಾಭವಿದ್ದಿತು: ಸೋಂಕು ಕಂಡರೆ ಊರಿನಲ್ಲಿಯೇ ತಿಳಿಯುತ್ತಿದ್ದಿತು, ಬಂದರಿನ ಬಾಗಿಲಲ್ಲಲ್ಲ.

ಬೆಲೆಯು ಪ್ರಕೃತಿಯ ನಿಯಮವಲ್ಲವೆಂಬುದನ್ನು ನಮ್ಮ ದೇಶವೂ ಕಂಡಿತು. ೨೦೨೦ರ ಮಾರ್ಚಿನಲ್ಲಿ ಖಾಸಗಿ ಪ್ರಯೋಗಶಾಲೆಗಳ ಪಿ.ಸಿ.ಆರ್. ಪರೀಕ್ಷೆಗೆ ೪,೫೦೦ ರೂಪಾಯಿಗಳ ಮಿತಿಯಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರವು, ಖಾಸಗಿ ಪ್ರಯೋಗಶಾಲೆಗೆ ತಾನಾಗಿ ಹೋದವನಿಗೆ ೮೦೦ ರೂಪಾಯಿಗಳೆಂದು ಗೊತ್ತುಪಡಿಸಿತು. ೨೦೨೧ರ ಮೇ ತಿಂಗಳಲ್ಲಿ ಪುಣೆಯ ಮೈಲ್ಯಾಬ್ ಸಂಸ್ಥೆಯ ‘ಕೋವಿಸೆಲ್ಫ್’ ಎಂಬ ಮನೆಪರೀಕ್ಷೆಗೆ ಒಪ್ಪಿಗೆ ದೊರೆಯಿತು. ಅದರ ಬೆಲೆ ೨೫೦ ರೂಪಾಯಿ.

ಕಾಗದ ಮತ್ತು ರಕ್ಷಣೆ

ಅಗ್ಗದ ಪರೀಕ್ಷೆಯಾಗಲಿ ದುಬಾರಿ ಪರೀಕ್ಷೆಯಾಗಲಿ ಸಂಪೂರ್ಣ ರಕ್ಷಣೆಯನ್ನು ಕೊಡಲಾರದು. ೨೦೨೨ರ ಜನವರಿಯಲ್ಲಿ ಮುಂಬಯಿಯಿಂದ ಗೋವೆಗೆ ಬಂದ ‘ಕಾರ್ಡೀಲಿಯಾ’ ವಿಹಾರನೌಕೆಯಲ್ಲಿದ್ದ ಸುಮಾರು ೨,೦೦೦ ಮಂದಿಯನ್ನು ಪರೀಕ್ಷಿಸಿದಾಗ ೬೬ ಮಂದಿಗೆ ಸೋಂಕು ಕಂಡುಬಂದಿತು. ಆದ್ದರಿಂದಲೇ ಲಸಿಕೆ, ಗಾಳಿಯ ಸಂಚಾರ, ಹಡಗಿನಲ್ಲಿ ಮರುಪರೀಕ್ಷೆ ಇವೆಲ್ಲವೂ ಕೂಡಿ ಬರಬೇಕಾಗಿದ್ದಿತು.

ಇನ್ನು ಬೆಲೆಯ ಮಾತು. ೨೦೨೨ರ ಮಾರ್ಚಿನಲ್ಲಿ ವಿಮೆಯಿಲ್ಲದವರ ಪರೀಕ್ಷೆಗಾಗಿ ಅಮೆರಿಕ ಸರ್ಕಾರ ಕೊಡುತ್ತಿದ್ದ ಹಣ ನಿಂತುಹೋಯಿತು. ಪರೀಕ್ಷೆಯ ಬೆಲೆ ಏರಿದಂತೆಲ್ಲ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಆಸೆಯೂ ಏರುವುದು ಮನುಷ್ಯಸ್ವಭಾವ. ಸುಳ್ಳು ಪ್ರಮಾಣಪತ್ರಗಳು ಆ ಕಾಲದಲ್ಲಿ ಅನೇಕ ದೇಶಗಳಲ್ಲಿ ಸಿಕ್ಕಿಬಿದ್ದವು. ಅಂತಹ ಕಾಗದವನ್ನು ಹಿಡಿದು ಹತ್ತಿದ ಪ್ರಯಾಣಿಕನ ಊಟದ ತಟ್ಟೆಯನ್ನು ಎತ್ತುವವನು, ಹಾಸಿಗೆಯನ್ನು ಹಾಸುವವನು, ತಿಂಗಳುಗಟ್ಟಲೆ ಮನೆಯನ್ನು ಬಿಟ್ಟು ದುಡಿಯುವ ನೌಕಾಸೇವಕ. ಪರೀಕ್ಷೆಯು ಎಲ್ಲರ ಕೈಗೂ ಎಟಕುವಂತಿದ್ದರೆ ಅದರ ಮೊದಲ ಪ್ರಯೋಜನ ದೊರಕುವುದು ಅವನಿಗೇ.

೨೦೨೨ರ ಜುಲೈ ತಿಂಗಳಲ್ಲಿ ಅಮೆರಿಕದ ರೋಗನಿಯಂತ್ರಣ ಇಲಾಖೆಯು ವಿಹಾರನೌಕೆಗಳ ಕೋವಿಡ್ ಕಾರ್ಯಕ್ರಮವನ್ನು ಮುಕ್ತಾಯಗೊಳಿಸಿತು. ನೌಕಾಸಂಸ್ಥೆಗಳೂ ಒಂದೊಂದಾಗಿ ಪರೀಕ್ಷೆಯ ನಿಬಂಧನೆಗಳನ್ನು ಸಡಿಲಿಸಿದವು. ೨೦೨೩ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿತು. ಆದರೆ ಮುಂದೊಂದು ದಿನ ಮತ್ತೊಂದು ಸಾಂಕ್ರಾಮಿಕವು ಬಂದಾಗ ರೇವುಗಳ ಬಾಗಿಲಲ್ಲಿ ಇದೇ ಪ್ರಶ್ನೆ ಮತ್ತೆ ಏಳುವುದರಲ್ಲಿ ಸಂದೇಹವಿಲ್ಲ. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅಂದು ಆ ನಿಯಮಗಳನ್ನು ಬರೆಯುವ ಸ್ಥಾನದಲ್ಲಿರಬಹುದು. ಯಾವ ಪರೀಕ್ಷೆ ಅತ್ಯಂತ ಸೂಕ್ಷ್ಮವಾದುದೆಂದು ಕೇಳುವ ಮೊದಲು, ತಮಗೆ ಬೇಕಾಗಿರುವುದು ಯಾವ ಪ್ರಶ್ನೆಯ ಉತ್ತರ, ಅದು ಎಷ್ಟು ಹೊತ್ತಿನೊಳಗೆ ಬೇಕು, ಬಡವನೂ ಅದನ್ನು ಕೊಳ್ಳಬಲ್ಲನೆ ಎಂಬ ಮೂರನ್ನು ಅವರು ಕೇಳಿಕೊಂಡರೆ, ಯೊಕೊಹಾಮ ಬಂದರಿನಲ್ಲಿ ಕಲಿತ ಪಾಠವು ವ್ಯರ್ಥವಾಗಲಾರದು.